ರೋಬೋಟ್ ಬೀಳದೆ ನಿಂತಿತು, ಕಾರಣ ಮಾತ್ರ ಯಾರಿಗೂ ತಿಳಿಯಲಿಲ್ಲ: ಕಂಟ್ರೋಲ್ ಸಿಸ್ಟಮ್ಸ್ ಪಾಠಕ್ಕೆ ರೋಬೋಟ್ ತಂದವರು ದಯವಿಟ್ಟು ಅನುಭವ ಹೇಳಿ

ಮಲೆನಾಡ ಮೇಷ್ಟರು · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಜಿಲ್ಲಾ ಕೇಂದ್ರವೊಂದರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹನ್ನೆರಡು ವರ್ಷಗಳಿಂದ ಕಂಟ್ರೋಲ್ ಸಿಸ್ಟಮ್ಸ್ ಪಾಠ ಮಾಡುತ್ತಿದ್ದೇನೆ. ವ್ಯವಸ್ಥೆ ಸ್ಥಿರವಾಗಿರುತ್ತದೆಯೇ ಎಂದು ತಿಳಿಯಲು ಬಿಡಿಸುವ ರೂಟ್ ಲೋಕಸ್, ಬೋಡ್ ಪ್ಲಾಟ್, ನೈಕ್ವಿಸ್ಟ್ ನಕ್ಷೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಬರೆದು, ಮಕ್ಕಳು ಅದನ್ನು ಅಂಕಕ್ಕಾಗಿ ಕಲಿತು, ಪರೀಕ್ಷೆಯ ಮರುದಿನವೇ ಮರೆಯುವುದನ್ನು ನೋಡಿ ಬೇಸತ್ತಿದ್ದೆ. ಆದ್ದರಿಂದ ಕಳೆದ ಸೆಮಿಸ್ಟರ್‌ನಲ್ಲಿ ಪ್ರಯೋಗಾಲಯದ ಆರು ವಾರಗಳನ್ನು ಎತ್ತಿಟ್ಟು, ಎರಡು ಚಕ್ರಗಳ ಮೇಲೆ ತಾನಾಗಿಯೇ ನಿಲ್ಲುವ ರೋಬೋಟನ್ನು ಕಟ್ಟಿಸಿದೆ.

60 ವಿದ್ಯಾರ್ಥಿಗಳು, ನಾಲ್ವರಿಗೆ ಒಂದರಂತೆ 15 ರೋಬೋಟ್. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ನಾನೇ ಸಾಮಾನು ತಂದೆ. ಕೋಡು ಓಡಿಸಲು ಆರ್ಡುಯಿನೊ ಬೋರ್ಡ್, ವಾಲುವಿಕೆ ಅಳೆಯಲು ಎಂಪಿಯು-6050, ಎನ್‌ಕೋಡರ್ (ಸುತ್ತು ಎಣಿಸುವ ಸೆನ್ಸರ್) ಇರುವ ಎರಡು ಗೇರ್ ಮೋಟರ್, ಮೋಟರಿಗೆ ಕರೆಂಟ್ ಕೊಡುವ ಒಂದು ಡ್ರೈವರ್, ಮೂರು 18650 ಲಿಥಿಯಂ ಸೆಲ್. ಒಂದು ರೋಬೋಟಿಗೆ ಸುಮಾರು ಮೂರು ಸಾವಿರ ರೂಪಾಯಿ ಆಯಿತು.

ಹದಿನೈದರಲ್ಲಿ ಹನ್ನೊಂದು ನಿಂತವು. ಪ್ರಯೋಗಾಲಯದಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆದರೆ ವೈವಾದಲ್ಲಿ, "ಡಿ ಗುಣಾಂಕವನ್ನು ಎರಡು ಪಟ್ಟು ಮಾಡಿದರೆ ಏನಾಗುತ್ತದೆ, ಏಕೆ?" ಎಂದು ಕೇಳಿದೆ. ಹನ್ನೊಂದು ತಂಡಗಳಲ್ಲಿ ಒಂದೂ "ಏಕೆ" ಎಂಬುದಕ್ಕೆ ಉತ್ತರಿಸಲಿಲ್ಲ. ಪಿಐಡಿ ಕೋಡು (ಈಗಿನ ತಪ್ಪು, ಕೂಡುತ್ತಾ ಬಂದ ತಪ್ಪು, ತಪ್ಪು ಬದಲಾಗುವ ವೇಗ, ಈ ಮೂರನ್ನೂ ಪಿ, ಐ, ಡಿ ಎಂಬ ಗುಣಾಂಕಗಳಿಂದ ಗುಣಿಸಿ ಮೋಟರನ್ನು ನಡೆಸುವ ಲೆಕ್ಕ) ಅಂತರ್ಜಾಲದಿಂದ ಬಂದಿತ್ತು. ಮೂರು ಸಂಖ್ಯೆಗಳನ್ನು ತಡಕಾಡಿ ಬದಲಿಸುತ್ತಾ ಹೋಗಿದ್ದರು, ಎಲ್ಲೋ ಒಂದು ಕಡೆ ಅದು ನಿಂತುಬಿಟ್ಟಿತ್ತು. ಅದೇ ಮಕ್ಕಳು ಲಿಖಿತ ಪರೀಕ್ಷೆಯಲ್ಲಿ ರೂಟ್ ಲೋಕಸ್ ಅನ್ನು ಅಚ್ಚುಕಟ್ಟಾಗಿ ಬಿಡಿಸಿದರು. ಕೈ ಮಾಡಿದ ಕೆಲಸ ಒಂದು ಕಡೆ, ತಲೆ ಕಲಿತ ಪಾಠ ಇನ್ನೊಂದು ಕಡೆ. ಇವೆರಡನ್ನೂ ನೀವು ಹೇಗೆ ಕೂಡಿಸಿದಿರಿ?

ಗಣಿತವೇ ಮೊದಲು · ಭಾನುವಾರ, ರಾತ್ರಿ 10:25

ಮೇಷ್ಟರೇ, ನಾನೂ ಇದೇ ವಿಷಯ ಕಲಿಸುವವನು. ನಿಮ್ಮ ಉತ್ಸಾಹಕ್ಕೆ ಗೌರವವಿದೆ, ಆದರೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆ ರೋಬೋಟಿನೊಳಗೆ ಒಂದೇ ಸಲಕ್ಕೆ ಎಷ್ಟು ತೊಂದರೆಗಳು ಸೇರಿಕೊಂಡಿವೆ ನೋಡಿ: ಗೇರಿನ ಸಡಿಲ, ಮೋಟರಿನ ಘರ್ಷಣೆ, ಸೆನ್ಸರಿನ ಗದ್ದಲ, ಇಳಿಯುತ್ತಿರುವ ಬ್ಯಾಟರಿ, ಸಡಿಲವಾದ ಬೆಸುಗೆ. ರೋಬೋಟ್ ಬಿದ್ದಾಗ ಇವುಗಳಲ್ಲಿ ಯಾವುದರಿಂದ ಬಿತ್ತು ಎಂದು ಹೇಳಲು ಅನುಭವಿ ಇಂಜಿನಿಯರಿಗೂ ಅರ್ಧ ದಿನ ಬೇಕು. ಎರಡನೇ ಕ್ರಮಾಂಕದ ವ್ಯವಸ್ಥೆಯ ಸ್ಟೆಪ್ ರೆಸ್ಪಾನ್ಸ್ (ಒಮ್ಮೆಲೇ ಕೊಟ್ಟ ಆಜ್ಞೆಗೆ ಅದು ಸ್ಪಂದಿಸುವ ರೀತಿ) ಕೂಡ ಮನಸ್ಸಿನಲ್ಲಿ ಕೂರದ ವಿದ್ಯಾರ್ಥಿ ಅಲ್ಲಿ ತಡಕಾಡದೆ ಇನ್ನೇನು ಮಾಡಬಲ್ಲ? ಮೊದಲು ಗಣಿತ ಗಟ್ಟಿಯಾಗಲಿ, ಸೈಲ್ಯಾಬ್‌ನಲ್ಲಿ ಸಿಮ್ಯುಲೇಶನ್ ಮಾಡಲಿ, ಯಂತ್ರ ಕೊನೆಗೆ ಬರಲಿ.

ಏಳನೇ ಸೆಮಿಸ್ಟರ್ · ಸೋಮವಾರ, ಬೆಳಗ್ಗೆ 7:15

ಸರ್, ನಾನು ವಿದ್ಯಾರ್ಥಿ. ಬೇರೆ ಕಾಲೇಜಿನಲ್ಲಿ ಇದೇ ರೋಬೋಟ್ ಕಟ್ಟಿದ್ದೇನೆ. ನನಗೆ ಬೋಡ್ ಪ್ಲಾಟ್ (ಹೊಯ್ದಾಟದ ವೇಗ ಬದಲಾದಂತೆ ಗೇನ್ ಮತ್ತು ಫೇಸ್ ಹೇಗೆ ಬದಲಾಗುತ್ತವೆ ಎಂಬ ನಕ್ಷೆ) ಅರ್ಥವಾದ ದಿನ ನಿಖರವಾಗಿ ನೆನಪಿದೆ, ಅದನ್ನು ಹೇಳುತ್ತೇನೆ.

ನಮ್ಮ ರೋಬೋಟ್ ಎರಡು ವಾರದ ಒದ್ದಾಟದ ನಂತರ ಸಂಜೆ ನಿಂತಿತು. ಸ್ವಲ್ಪ ನಡುಗುತ್ತಿತ್ತು, ಆದರೆ ನಿಂತಿತ್ತು. ಎಷ್ಟು ಡಿಗ್ರಿ ನಡುಗುತ್ತಿದೆ ಎಂದು ನೋಡುವ ಆಸೆಯಿಂದ, ವಾಲುವಿಕೆಯನ್ನು ಲ್ಯಾಪ್‌ಟಾಪಿನ ಪರದೆಗೆ ಕಳುಹಿಸುವ ಒಂದೇ ಒಂದು ಸಾಲನ್ನು ಕೋಡಿಗೆ ಸೇರಿಸಿದೆ. ತಕ್ಷಣ ಹೊಯ್ದಾಡಿ ಮುಗ್ಗರಿಸಿತು. ಆ ಸಾಲನ್ನು ತೆಗೆದೆ, ನಿಂತಿತು. ಮತ್ತೆ ಸೇರಿಸಿದೆ, ಬಿತ್ತು. ನನ್ನ ಜೊತೆಗಾರ್ತಿ ಅಂದಿದ್ದು ಇಷ್ಟು: "ನೋಡಲು ಹೋದರೆ ಬೀಳುತ್ತದೆ, ನೋಡದಿದ್ದರೆ ನಿಲ್ಲುತ್ತದೆ." ರಾತ್ರಿ ಹತ್ತೂವರೆಯವರೆಗೆ ವೈರುಗಳನ್ನೇ ಅನುಮಾನಿಸುತ್ತಾ ಕುಳಿತಿದ್ದೆವು.

ಮರುದಿನ ನಮ್ಮ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಆ ಸಾಲು ಓಡಿ ಮುಗಿಯಲು ಎಷ್ಟು ಹೊತ್ತು ಹಿಡಿಯುತ್ತದೆ?" ಲೆಕ್ಕ ಹಾಕಿದೆವು. ಲ್ಯಾಪ್‌ಟಾಪಿಗೆ ಅಕ್ಷರ ಕಳುಹಿಸುವ ಸೀರಿಯಲ್ ವೇಗವನ್ನು ಸೆಕೆಂಡಿಗೆ 9600 ಬಿಟ್ ಎಂದು ಇಟ್ಟಿದ್ದೆವು. ಒಂದು ಅಕ್ಷರಕ್ಕೆ 10 ಬಿಟ್, ಸಾಲಿನಲ್ಲಿ ಸುಮಾರು 20 ಅಕ್ಷರ, ಅಂದರೆ ಹತ್ತಿರ ಹತ್ತಿರ 21 ಮಿಲಿಸೆಕೆಂಡ್. ನಮ್ಮ ನಿಯಂತ್ರಣದ ಸುತ್ತು 5 ಮಿಲಿಸೆಕೆಂಡಿಗೊಮ್ಮೆ ಓಡಬೇಕಿತ್ತು! ವೇಗವನ್ನು 115200ಕ್ಕೆ ಏರಿಸಿದೆವು, ಅದೇ ಸಾಲು 2 ಮಿಲಿಸೆಕೆಂಡಿನೊಳಗೆ ಮುಗಿಯಿತು, ರೋಬೋಟ್ ನಿಂತಿತು. ವಿಳಂಬ ಎಂದರೆ ಫೇಸ್ ಕಳೆದುಕೊಳ್ಳುವುದು, ಅಂದರೆ ತಿದ್ದುಪಡಿ ಹೊಯ್ದಾಟಕ್ಕಿಂತ ಹಿಂದೆ ಬೀಳುವುದು ಎಂದು ಮೇಡಂ ಆಗ ಬೋರ್ಡಿನ ಮೇಲೆ ಬರೆದರು. ಆ ವಾಕ್ಯವನ್ನು ಹಿಂದಿನ ತಿಂಗಳೇ ಟಿಪ್ಪಣಿ ಪುಸ್ತಕದಲ್ಲಿ ನಾನು ಬರೆದುಕೊಂಡಿದ್ದೆ. ಆಗ ಅದರಲ್ಲಿ ನನಗೆ ಏನೂ ಕಂಡಿರಲಿಲ್ಲ.

ಪೀಣ್ಯದ ಡ್ರೈವ್ಸ್ · ಸೋಮವಾರ, ಮಧ್ಯಾಹ್ನ 1:30

ಏಳನೇ ಸೆಮಿಸ್ಟರ್ ಅವರೇ, ನಿಮ್ಮ ಬರಹ ಓದಿ ಊಟ ಬಿಟ್ಟು ಉತ್ತರ ಬರೆಯುತ್ತಿದ್ದೇನೆ. ನಾನು ಸಿಎನ್‌ಸಿ ಯಂತ್ರಗಳ ಸರ್ವೋ ಡ್ರೈವ್‌ಗಳ ಕೆಲಸ ಮಾಡುವವನು. ನಿಮ್ಮ ಕಥೆಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯೋಣ, ಏಕೆಂದರೆ ಸಂಖ್ಯೆಗೆ ಇಳಿಸಿದಾಗಲೇ ಅದು ಪಾಠವಾಗುತ್ತದೆ.

ಮೊದಲು ಒಂದು ಎಚ್ಚರಿಕೆ. ನಿಮ್ಮ ಕೋಡಿನಲ್ಲಿ ಸುತ್ತಿನ ಕಾಲವನ್ನು 5 ಮಿಲಿಸೆಕೆಂಡ್ ಎಂದು ಕೈಯಾರೆ ಬರೆದಿದ್ದರೆ, ಸುತ್ತು 21ಕ್ಕೆ ಏರಿದಾಗ ಗೈರೋದಿಂದ (ವಾಲುವ ವೇಗ ಅಳೆಯುವ ಸೆನ್ಸರ್) ಕೋನ ಕೂಡಿಸುವ ಲೆಕ್ಕವೇ ನಾಲ್ಕು ಪಟ್ಟು ತಪ್ಪುತ್ತದೆ. ಅದು ಬೇರೆಯೇ ದೋಷ. ಪ್ರತಿ ಸುತ್ತಿನ ನಿಜವಾದ ಕಾಲವನ್ನು ಅಳೆದೇ ಲೆಕ್ಕ ಹಾಕಿದ್ದೀರಿ ಎಂದುಕೊಳ್ಳೋಣ. ಆಗ ಉಳಿಯುವುದು ಶುದ್ಧ ವಿಳಂಬ, ಸುಮಾರು 16 ಮಿಲಿಸೆಕೆಂಡ್ ಹೆಚ್ಚುವರಿ. ರೋಬೋಟಿನ ಗೇನ್ ಕ್ರಾಸೋವರ್ (ಲೂಪಿನ ಗೇನ್, ಅಂದರೆ ಸಂಕೇತ ಹಿಗ್ಗುವ ಪಟ್ಟು, ಒಂದಕ್ಕೆ ಇಳಿಯುವ ಹೊಯ್ದಾಟದ ವೇಗ) ಸೆಕೆಂಡಿಗೆ 15 ರೇಡಿಯನ್ ಇದೆ ಎಂದರೆ 15 × 0.016 = 0.24 ರೇಡಿಯನ್, ಅಂದರೆ ಸುಮಾರು 14 ಡಿಗ್ರಿ. ನಿಂತಿದ್ದಾಗಲೇ ನಡುಗುತ್ತಿತ್ತು ಅಂದಿರಿ. ಅಂದರೆ ಫೇಸ್ ಮಾರ್ಜಿನ್ (ಹತೋಟಿ ತಪ್ಪುವ ಮುಂಚೆ ಕಳೆದುಕೊಳ್ಳಬಹುದಾದ ಫೇಸ್) ಮೊದಲೇ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಇದ್ದಿರಬೇಕು. ಅದರಲ್ಲಿ ಹದಿನಾಲ್ಕು ಹೋದರೆ ಉಳಿದದ್ದು ಆರು.

ಇನ್ನು ಮೇಷ್ಟರ ಪ್ರಶ್ನೆಗೆ ಬರುತ್ತೇನೆ. "ಗಣಿತವೇ ಮೊದಲು" ಅವರು ಹೇಳಿದ ಅರ್ಧ ಮಾತು ಸರಿ: ನಿಲ್ಲುವ ರೋಬೋಟ್ ಮೊದಲ ಪ್ರಯೋಗವಾಗಬಾರದು. ಆದರೆ ಅದಕ್ಕೆ ಪರಿಹಾರ ಸಿಮ್ಯುಲೇಶನ್ ಅಲ್ಲ, ಒಂದೇ ಒಂದು ಮೋಟರ್. ಮೇಜಿಗೆ ಬಿಗಿದ ಮೋಟರ್, ಎನ್‌ಕೋಡರ್, ಡ್ರೈವರ್, ಅಷ್ಟೇ. ಒಮ್ಮೆಲೇ ವೋಲ್ಟೇಜ್ ಕೊಟ್ಟು ವೇಗ ಹೇಗೆ ಏರುತ್ತದೆ ಎಂದು ದಾಖಲಿಸಿ. ಕೊನೆಯ ವೇಗದ ಶೇ. 63ನ್ನು ಮುಟ್ಟಲು ಹಿಡಿದ ಕಾಲವೇ ಟೈಮ್ ಕಾನ್‌ಸ್ಟಂಟ್. ಗೇನ್ ಮತ್ತು ಟೈಮ್ ಕಾನ್‌ಸ್ಟಂಟ್, ಈ ಎರಡು ಸಂಖ್ಯೆ ಸಿಕ್ಕರೆ ಆ ಮೋಟರಿನ ಟ್ರಾನ್ಸ್‌ಫರ್ ಫಂಕ್ಷನ್ (ಕೊಟ್ಟ ವೋಲ್ಟೇಜಿಗೆ ವೇಗ ಹೇಗೆ ಬರುತ್ತದೆ ಎಂಬ ಸೂತ್ರ) ನಿಮ್ಮ ಕೈಯಲ್ಲಿದೆ, ಅದೂ ನೀವೇ ಅಳೆದದ್ದು.

ಅಲ್ಲಿಯೇ ಇನ್ನೊಂದು ಪಾಠವೂ ಕಾದಿರುತ್ತದೆ. ಎನ್‌ಕೋಡರ್ ಮೋಟರಿನ ಒಂದು ಸುತ್ತಿಗೆ 11 ಪಲ್ಸ್ ಕೊಡುತ್ತದೆ, ಗೇರ್ 30ಕ್ಕೆ 1 ಎಂದುಕೊಳ್ಳಿ. ಚಕ್ರದ ಒಂದು ಸುತ್ತಿಗೆ 330 ಪಲ್ಸ್. ಚಕ್ರ ನಿಮಿಷಕ್ಕೆ 200 ಸುತ್ತು ತಿರುಗುವಾಗ 10 ಮಿಲಿಸೆಕೆಂಡಿನಲ್ಲಿ ಬರುವುದು ಬರೀ 11 ಪಲ್ಸ್. ಒಂದು ಪಲ್ಸ್ ಹೆಚ್ಚು ಕಡಿಮೆಯಾದರೆ ವೇಗ 18 ಸುತ್ತಿನಷ್ಟು ಜಿಗಿದಂತೆ ಕಾಣುತ್ತದೆ. ಮೋಟರ್ ನಿಜವಾಗಿ ಜಿಗಿದಿರುವುದಿಲ್ಲ, ಅಳತೆಗೋಲು ಒರಟಾಗಿದೆ ಅಷ್ಟೇ. ಈ ಸಂಖ್ಯೆಯ ಮೇಲೆ ಡಿ ಪದವನ್ನು ಹೇರಿ ನೋಡಿ, ಮೋಟರ್ ಕಿರುಗುಟ್ಟುತ್ತದೆ. ಡಿರಿವೇಟಿವ್ ಗದ್ದಲವನ್ನು ಹಿಗ್ಗಿಸುತ್ತದೆ ಎಂದು ಇಪ್ಪತ್ತು ಸಲ ಹೇಳುವುದಕ್ಕಿಂತ ಆ ಸದ್ದನ್ನು ಒಮ್ಮೆ ಕೇಳಿಸುವುದು ಮೇಲು. ಎರಡೂ ಚಾನೆಲ್‌ಗಳ ಏರು ಇಳಿವು ಎಲ್ಲವನ್ನೂ ಎಣಿಸಿದರೆ ಆ ಜಿಗಿತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಅದನ್ನು ಮಕ್ಕಳೇ ಕಂಡುಕೊಳ್ಳಲಿ.

ಹೈಸ್ಕೂಲ್ ವಿಜ್ಞಾನ · ಸೋಮವಾರ, ಸಂಜೆ 6:05

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳು ಗೆರೆಯ ಮೇಲೆ ಓಡುವ ರೋಬೋಟ್ ಮಾಡುತ್ತಾರೆ. ಅವರಿಗೆ ಈ ವಿಷಯಕ್ಕೆ ಬೇಕಾದ ಲಾಪ್ಲಾಸ್ ಗಣಿತ ಗೊತ್ತಿಲ್ಲ. ಇಷ್ಟು ಚಿಕ್ಕವರಿಗೆ ನಿಯಂತ್ರಣದ ಬಗ್ಗೆ ಏನಾದರೂ ನಿಜವಾದದ್ದನ್ನು ಹೇಳಿಕೊಡಲು ಸಾಧ್ಯವೇ, ಅಥವಾ ಇದು ಬರೀ ಆಟವೇ?

ಪೀಣ್ಯದ ಡ್ರೈವ್ಸ್ · ಸೋಮವಾರ, ಸಂಜೆ 7:20

ಖಂಡಿತ ಸಾಧ್ಯ. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡಿಸಿ. ಮೊದಲು ಒಂದೂವರೆ ಮೀಟರಿನ ಬಿದಿರು ಕೋಲು, ಆಮೇಲೆ 18 ಸೆಂಟಿಮೀಟರಿನ ಪೆನ್ಸಿಲ್. ಉದ್ದದ ಕೋಲು ನಿಲ್ಲುತ್ತದೆ, ಪೆನ್ಸಿಲ್ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಪೆನ್ಸಿಲ್ ಹಗುರ, ಅದೇ ಸುಲಭವಾಗಬೇಕಲ್ಲವೇ ಎಂದು ಮಕ್ಕಳನ್ನೇ ಕೇಳಿ.

ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ, ಎತ್ತರಕ್ಕೆ ಇದೆ. ಕೋಲು ವಾಲುವ ಕಾಲಮಾನ ಎತ್ತರದ ವರ್ಗಮೂಲದಂತೆ ಬೆಳೆಯುತ್ತದೆ. ಬಿದಿರಿಗೆ ಅದು ಸುಮಾರು 0.32 ಸೆಕೆಂಡ್, ಪೆನ್ಸಿಲ್‌ಗೆ 0.11. ಕಣ್ಣು ನೋಡಿ, ಮೆದುಳು ತಿಳಿದು, ಕೈ ಚಲಿಸಲು ನಮಗೆ ಸುಮಾರು 0.2 ಸೆಕೆಂಡ್ ಬೇಕು. ಬಿದಿರು ನಮಗಿಂತ ನಿಧಾನ, ಪೆನ್ಸಿಲ್ ನಮಗಿಂತ ಚುರುಕು. ಆಮೇಲೆ ಕೋಲಿನ ಬುಡವನ್ನಷ್ಟೇ ನೋಡುತ್ತಾ ನಿಲ್ಲಿಸಲು ಹೇಳಿ. ಬಿದಿರೂ ಬೀಳುತ್ತದೆ, ಏಕೆಂದರೆ ತುದಿಯಲ್ಲಿ ಎದ್ದು ಕಾಣುವ ವಾಲುವಿಕೆ ಬುಡದಲ್ಲಿ ಕಾಣುವುದಿಲ್ಲ. ಸೆನ್ಸರನ್ನು ಎಲ್ಲಿ ಇಡಬೇಕು ಎಂಬ ಪಾಠ ಇಷ್ಟರಲ್ಲಿ ಮುಗಿಯಿತು.

ಶರಾವತಿ ದಂಡೆ · ಸೋಮವಾರ, ರಾತ್ರಿ 8:50

ಮಕ್ಕಳೇ, ನಾನು ಜಲವಿದ್ಯುತ್ ಕೇಂದ್ರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಿವೃತ್ತನಾದವನು. ರೋಬೋಟ್ ನನಗೆ ತಿಳಿಯದು. ಟರ್ಬೈನಿನ ವೇಗ ಕಾಯುವ ಗವರ್ನರ್ ತಿಳಿದಿದೆ.

ಟರ್ಬೈನಿನ ವೇಗ ಇಳಿಯಿತು ಎಂದರೆ ಗವರ್ನರ್ ಗೇಟನ್ನು ಇನ್ನಷ್ಟು ತೆರೆಯಬೇಕು. ಹೆಚ್ಚು ನೀರು, ಹೆಚ್ಚು ಶಕ್ತಿ. ಕೇಳಲು ಸರಳ. ಆದರೆ ಗೇಟ್ ತೆರೆದ ಮೊದಲ ಕ್ಷಣದಲ್ಲಿ ಶಕ್ತಿ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಪೆನ್‌ಸ್ಟಾಕ್ ಕೊಳವೆಯಲ್ಲಿ ನೂರಾರು ಟನ್ ನೀರು ತುಂಬಿದೆ, ಅದು ತನ್ನ ವೇಗವನ್ನು ಒಮ್ಮೆಲೇ ಬದಲಿಸಲಾರದು. ಬಾಯಿ ಅಗಲವಾಯಿತು, ಹರಿವು ಇನ್ನೂ ಅಷ್ಟೇ ಇದೆ, ಆದ್ದರಿಂದ ಒತ್ತಡ ಕುಸಿಯುತ್ತದೆ. ನೀರು ವೇಗ ಪಡೆದ ಮೇಲಷ್ಟೇ ಶಕ್ತಿ ಏರುತ್ತದೆ. ಗವರ್ನರ್ ಅವಸರದ್ದಾದರೆ, ವೇಗ ಇನ್ನೂ ಇಳಿಯಿತು ಎಂದು ಗೇಟನ್ನು ಮತ್ತೂ ತೆರೆಯುತ್ತದೆ, ಆಮೇಲೆ ಮಿತಿಮೀರಿ ಮುಚ್ಚುತ್ತದೆ. ಇಡೀ ಯಂತ್ರ ಉಯ್ಯಾಲೆಯಾಡುತ್ತದೆ. ಹಳೆಯ ಗವರ್ನರುಗಳಲ್ಲಿ ಎಣ್ಣೆ ತುಂಬಿದ ಒಂದು ಡ್ಯಾಶ್‌ಪಾಟ್ ಇರುತ್ತಿತ್ತು. ಗವರ್ನರ್ ಕ್ಷಣಕಾಲ ತಾಳ್ಮೆಯಿಂದಿರುವಂತೆ ಮಾಡುವುದೇ ಅದರ ಕೆಲಸ. ಅದರ ಸೂಜಿ ಕವಾಟವನ್ನು ಕಾಲು ಸುತ್ತು ತಿರುಗಿಸಿ ಯಂತ್ರದ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದ ಹಿರಿಯರಿಂದ ನಾನು ಕೆಲಸ ಕಲಿತೆ.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಹಳೆಯ ಬೇರುಗಳಿವೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು 1902ರಲ್ಲಿ. ಮ್ಯಾಕ್ಸ್‌ವೆಲ್ ಗವರ್ನರುಗಳ ಸ್ಥಿರತೆಯ ಬಗ್ಗೆ ಪ್ರಬಂಧ ಬರೆದದ್ದು 1868ರಲ್ಲಿ. ಬರಿಯ ಕುತೂಹಲಕ್ಕೆ ಹುಟ್ಟಿದ ಗಣಿತವಲ್ಲ ಅದು. ಗವರ್ನರ್ ಹಾಕಿದ ಯಂತ್ರಗಳು ನಿಜವಾಗಿಯೂ ಹೊಯ್ದಾಡುತ್ತಿದ್ದವು.

ಏಳನೇ ಸೆಮಿಸ್ಟರ್ · ಸೋಮವಾರ, ರಾತ್ರಿ 9:30

ಶರಾವತಿ ಸರ್, ಇದನ್ನು ಓದಿ ರೋಮಾಂಚನವಾಯಿತು. ನಮ್ಮ ರೋಬೋಟೂ ಹೀಗೆಯೇ ಮಾಡುತ್ತದೆ! ಮುಂದಕ್ಕೆ ಹೋಗು ಎಂದರೆ ಚಕ್ರ ಮೊದಲು ಹಿಂದಕ್ಕೆ ಉರುಳುತ್ತದೆ, ಮೈ ಮುಂದಕ್ಕೆ ವಾಲಿದ ಮೇಲೆಯೇ ಮುಂದಕ್ಕೆ ಓಡುತ್ತದೆ. ಮೋಟರಿನ ತಂತಿಗಳನ್ನು ಉಲ್ಟಾ ಜೋಡಿಸಿದ್ದೇವೆ ಎಂದು ತಿಳಿದು ನಾವು ಅವನ್ನು ಎರಡು ಸಲ ಬಿಚ್ಚಿ ಹಾಕಿದ್ದೆವು.

ಶರಾವತಿ ದಂಡೆ · ಸೋಮವಾರ, ರಾತ್ರಿ 9:55

ಅದೇ, ಮಗು. ಸೈಕಲ್ಲನ್ನು ಬಲಕ್ಕೆ ತಿರುಗಿಸುವ ಮುಂಚೆ ಹ್ಯಾಂಡಲ್ ಒಂದಿಷ್ಟು ಎಡಕ್ಕೆ ಹೋಗುತ್ತದೆ, ಗಮನಿಸಿ ನೋಡು. ಪುಸ್ತಕದಲ್ಲಿ ಇದನ್ನು ಬಲಭಾಗದ ಝೀರೊ ಎನ್ನುತ್ತಾರೆ. ನಾನು ಆ ಹೆಸರು ಕಲಿತದ್ದು ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ.

ಗಣಿತವೇ ಮೊದಲು · ಮಂಗಳವಾರ, ಬೆಳಗ್ಗೆ 6:40

ರಾತ್ರಿಯೆಲ್ಲ ಈ ಬರಹಗಳನ್ನು ಯೋಚಿಸಿದೆ. ನನ್ನ ನಿಲುವನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಬಲಭಾಗದ ಝೀರೊವನ್ನು ಹದಿನೈದು ವರ್ಷ ಪಾಠ ಮಾಡಿದ್ದೇನೆ. ಒಂದು ಸಲವೂ ಚಕ್ರ ಹಿಂದಕ್ಕೆ ಉರುಳಿದ್ದನ್ನು ತೋರಿಸಿಲ್ಲ. ಅದು ನನ್ನ ಕೊರತೆ.

ಆದರೂ ಒಂದು ಷರತ್ತನ್ನು ಬಿಡಲಾರೆ. ತಡಕಾಟ ಮತ್ತು ಪ್ರಯೋಗದ ನಡುವೆ ಒಂದೇ ವ್ಯತ್ಯಾಸವಿದೆ: ಪ್ರಯೋಗ ಮಾಡುವವನು ಮೊದಲೇ ಏನೋ ಒಂದನ್ನು ನಿರೀಕ್ಷಿಸಿರುತ್ತಾನೆ. ನಿಯಮವನ್ನು ಹೀಗೆ ಮಾಡಿ ಮೇಷ್ಟರೇ. ಸಂಖ್ಯೆ ಬದಲಿಸುವ ಮುಂಚೆ ವಿದ್ಯಾರ್ಥಿ ಶಾಯಿಯಲ್ಲಿ ಬರೆಯಬೇಕು: ಏನು ಬದಲಿಸುತ್ತೇನೆ, ಏನಾಗುತ್ತದೆ, ಎಷ್ಟಾಗುತ್ತದೆ. "ಎಷ್ಟು" ಇಲ್ಲದಿದ್ದರೆ ಪ್ರೋಗ್ರಾಮ್ ಓಡಿಸಲು ಬಿಡಬೇಡಿ. ಓಡಿಸಿದ ಮೇಲೆ ಅಳೆದದ್ದನ್ನು ಪಕ್ಕದಲ್ಲಿಯೇ ಬರೆಯಲಿ. ತಪ್ಪಿದ ಊಹೆಗೆ ಅಂಕ ಕಳೆಯಬೇಡಿ, ಏಕೆ ತಪ್ಪಿತು ಎಂಬ ವಿವರಣೆಗೆ ಅಂಕ ಕೊಡಿ. ಸ್ಪರ್ಧೆಗಾಗಿ ರೋಬೋಟ್ ಮಾಡುವವರು ಇಲ್ಲಿಯೇ ಎಡವುತ್ತಾರೆ ಎಂಬುದು ನನ್ನ ಅನಿಸಿಕೆ. ಅಲ್ಲಿ ಗುರಿ ಮುಟ್ಟಿದರೆ ಸಾಕು, ಕಾರಣ ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು. ಪಿಐಡಿಯನ್ನು ಮೂರು ಗುಂಡಿಗಳೆಂದು ಪರಿಚಯಿಸಬೇಡಿ. 1922ರಲ್ಲಿ ಮಿನೋರ್ಸ್ಕಿ ಹಡಗಿನ ಚುಕ್ಕಾಣಿಯ ಬಗ್ಗೆ ಬರೆದಾಗ, ನುರಿತ ಚುಕ್ಕಾಣಿಗಾರ ಮಾಡುವುದನ್ನೇ ಗಣಿತಕ್ಕೆ ಇಳಿಸಿದರು: ಈಗ ದಾರಿ ಎಷ್ಟು ತಪ್ಪಿದೆ, ಎಷ್ಟು ಹೊತ್ತಿನಿಂದ ತಪ್ಪುತ್ತಾ ಬಂದಿದೆ, ಎಷ್ಟು ಬೇಗ ತಪ್ಪುತ್ತಿದೆ. ವಿದ್ಯಾರ್ಥಿ ಮೊದಲು ತಾನೇ ಆ ಚುಕ್ಕಾಣಿಗಾರನಾಗಲಿ.

ಮಲೆನಾಡ ಮೇಷ್ಟರು · ಮಂಗಳವಾರ, ರಾತ್ರಿ 10:10

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಇಷ್ಟು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ಒಂದು ಕಷ್ಟ ಇನ್ನೂ ಉಳಿದಿದೆ. ರಾತ್ರಿ ನಿಂತ ರೋಬೋಟ್ ಬೆಳಗ್ಗೆ ನಿಲ್ಲುವುದಿಲ್ಲ. ಮಕ್ಕಳು ನೊಂದುಕೊಳ್ಳುತ್ತಾರೆ. ಕಳೆದ ಸಲ ಮೌಲ್ಯಮಾಪನದ ದಿನವೇ ಹೀಗಾಗಿ ಒಂದು ತಂಡ ಅತ್ತೇಬಿಟ್ಟಿತು.

ಪೀಣ್ಯದ ಡ್ರೈವ್ಸ್ · ಮಂಗಳವಾರ, ರಾತ್ರಿ 10:45

ಬ್ಯಾಟರಿ ನೋಡಿ. ಮೂರು ಸೆಲ್ ಪೂರ್ತಿ ತುಂಬಿದಾಗ 12.6 ವೋಲ್ಟ್, ಇಳಿದಾಗ ಸುಮಾರು 10.5. ಪಿಡಬ್ಲ್ಯುಎಂ ಸಂಖ್ಯೆ (ಬ್ಯಾಟರಿಯ ಎಷ್ಟು ಭಾಗ ಮೋಟರಿಗೆ ಹೋಗಬೇಕು ಎಂದು ಕೋಡು ಹೇಳುವುದು) ಅದೇ ಇದ್ದರೂ ಮೋಟರಿಗೆ ಸಿಗುವುದು ಆರನೇ ಒಂದು ಭಾಗ ಕಡಿಮೆ. ಅಂದರೆ ಲೂಪ್ ಗೇನ್ ಅಷ್ಟೇ ಕುಗ್ಗಿತು. ಸಾಮಾನ್ಯ ವ್ಯವಸ್ಥೆಗೆ ಗೇನ್ ಕಡಿಮೆಯಾದರೆ ಅಪಾಯವಿಲ್ಲ, ಆದರೆ ತಾನಾಗಿ ಬೀಳುವ ವ್ಯವಸ್ಥೆಗೆ ಕನಿಷ್ಠ ಗೇನ್ ಬೇಕೇ ಬೇಕು. ಎಲ್298 ಡ್ರೈವರ್ ಹಾಕಿದ್ದರೆ ಅದೂ ತನ್ನ ಪಾಲಿಗೆ ಎರಡು ವೋಲ್ಟಿನಷ್ಟು ನುಂಗುತ್ತದೆ. ಬ್ಯಾಟರಿ ವೋಲ್ಟೇಜನ್ನು ಅಳೆದು ಕೋಡಿನಲ್ಲಿ ಭಾಗಿಸಿ ಸರಿದೂಗಿಸಬಹುದು. ಅದಕ್ಕಿಂತ ಮುಂಚೆ, ಪ್ರತಿ ಓಟದ ಪಕ್ಕದಲ್ಲಿ ವೋಲ್ಟೇಜ್ ಬರೆಯುವ ಅಭ್ಯಾಸ ಮಾಡಿಸಿ.

ಮಲೆನಾಡ ಮೇಷ್ಟರು · ಸೆಮಿಸ್ಟರ್ ಮುಗಿದ ಮೇಲೆ, ಶನಿವಾರ ಸಂಜೆ 5:30

ಐದು ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ನೀವು ಹೇಳಿದಂತೆ ಮೊದಲ ಮೂರು ವಾರ ರೋಬೋಟನ್ನು ಕಪಾಟಿನಿಂದ ಹೊರಗೆ ತೆಗೆಯಲೇ ಇಲ್ಲ. ಮೇಜಿಗೆ ಬಿಗಿದ ಒಂದು ಮೋಟರ್, ಒಂದು ತಂಡ, ಒಂದು ನೋಟ್ ಪುಸ್ತಕ. ಎಡಪುಟದಲ್ಲಿ ಊಹೆ, ಬಲಪುಟದಲ್ಲಿ ಅಳತೆ. ಮೊದಲ ವಾರ ಮಕ್ಕಳು ಮುಖ ಸಿಂಡರಿಸಿದರು. ಹಿಂದಿನ ಬ್ಯಾಚಿನವರು ಈ ಹೊತ್ತಿಗೆ ಚಕ್ರ ಹಾಕಿದ್ದರು ಎಂದು ದೂರು ಬಂದಿತು.

ಈ ಸಲ ಹದಿನೈದರಲ್ಲಿ ಒಂಬತ್ತೇ ನಿಂತವು, ಕಳೆದ ಬಾರಿಗಿಂತ ಎರಡು ಕಡಿಮೆ. ಮೂರು ವಾರ ಮೋಟರಿಗೆ ಹೋದವು, ರೋಬೋಟಿಗೆ ಉಳಿದದ್ದು ಮೂರೇ ವಾರ. ಇದನ್ನು ವಿಭಾಗದ ಸಭೆಯಲ್ಲಿ ಹಾಗೆಯೇ ಹೇಳಿದೆ, ಮುಂದಿನ ಸಲಕ್ಕೆ ಎರಡು ವಾರ ಹೆಚ್ಚು ಕೇಳಿದ್ದೇನೆ. ಆದರೆ ನಿಲ್ಲದ ಆರು ತಂಡಗಳಲ್ಲಿ ನಾಲ್ಕು ತಂಡಗಳಿಗೆ ತಮ್ಮದು ಏಕೆ ನಿಲ್ಲಲಿಲ್ಲ ಎಂದು ಗೊತ್ತಿತ್ತು, ಅದನ್ನು ಗ್ರಾಫ್ ಹಿಡಿದು ತೋರಿಸಿದರು.

ಒಂದು ಪುಟದ ಬಗ್ಗೆ ಮಾತ್ರ ಹೇಳಲೇಬೇಕು. ಮೋಟರಿನ ಕೋನವನ್ನು ನಿಯಂತ್ರಿಸುವ ಪ್ರಯೋಗ. ಹಿಂದಿನ ಬೆಂಚಿನಲ್ಲಿ ಕೂರುವ, ತರಗತಿಯಲ್ಲಿ ಹೆಚ್ಚು ಮಾತಾಡದ ಹುಡುಗಿ. ಹೊಯ್ದಾಟ ಸೆಕೆಂಡಿಗೆ 1.9 ಸಲ ಇತ್ತು. ಪಿ ಗುಣಾಂಕವನ್ನು ಎರಡು ಪಟ್ಟು ಮಾಡಿದರೆ ಹೊಯ್ದಾಟ ಎರಡರ ವರ್ಗಮೂಲದಷ್ಟು ಹೆಚ್ಚುತ್ತದೆ, 2.7 ಆಗುತ್ತದೆ ಎಂದು ಎಡಪುಟದಲ್ಲಿ ಬರೆದಿದ್ದಳು. ಅಳೆದಾಗ ಬಂದದ್ದು 2.3. ಅವಳು ಸಂಖ್ಯೆಯನ್ನು ತಿದ್ದಲಿಲ್ಲ, ನನ್ನನ್ನೂ ಕೇಳಲಿಲ್ಲ. ಮೋಟರಿಗೆ ಹೋಗುತ್ತಿದ್ದ ಪಿಡಬ್ಲ್ಯುಎಂ ಅನ್ನು ಬೇರೆಯಾಗಿ ದಾಖಲಿಸಿದಳು. ಅದರ ಗ್ರಾಫ್ ಮೇಲ್ಗಡೆ ಕತ್ತರಿಸಿದಂತೆ ಸಪಾಟಾಗಿತ್ತು, ಗರಿಷ್ಠ ಸಂಖ್ಯೆಯಾದ 255ರಲ್ಲಿ. 90 ಡಿಗ್ರಿ ತಿರುಗು ಎಂಬ ಆಜ್ಞೆಯನ್ನು 20 ಡಿಗ್ರಿಗೆ ಇಳಿಸಿ ಮತ್ತೆ ಓಡಿಸಿದಳು. 2.6 ಬಂದಿತು. ಎರಡೂ ಗ್ರಾಫ್‌ಗಳನ್ನು ಅಂಟಿಸಿ ಕೆಳಗೆ ಬರೆದಿದ್ದಳು: "90 ಡಿಗ್ರಿಗೆ ಹೋಗುವಾಗ ನಾನು ಕೇಳಿದಷ್ಟನ್ನು ಕೊಡಲು ಬ್ಯಾಟರಿಯಲ್ಲಿ ವೋಲ್ಟೇಜೇ ಇರಲಿಲ್ಲ. ನನ್ನ ಸಮೀಕರಣಕ್ಕೆ ಅದು ಗೊತ್ತಿರಲಿಲ್ಲ."

ಹೀಗೆ ಮಿತಿ ಮುಟ್ಟಿ ನಿಲ್ಲುವ ಸ್ಯಾಚುರೇಶನ್ ನಮ್ಮ ಪಠ್ಯಕ್ರಮದ ಆ ಘಟಕದಲ್ಲಿ ಇಲ್ಲವೇ ಇಲ್ಲ. ಮುಂದಿನ ತರಗತಿಯಲ್ಲಿ ಅವಳನ್ನೇ ಬೋರ್ಡಿನ ಹತ್ತಿರ ಕರೆದು, ಆ ಪುಟವನ್ನು ಎಲ್ಲರಿಗೂ ಓದಿ ಹೇಳುವಂತೆ ಕೇಳಿಕೊಂಡೆ.

ನೋಟ್ ಪುಸ್ತಕದ ನಮೂನೆಯನ್ನು ನಾಳೆ ಇಲ್ಲಿ ಹಾಕುತ್ತೇನೆ, ಬೇಕಾದವರು ಬಳಸಿಕೊಳ್ಳಿ. ಪ್ರತಿ ಓಟಕ್ಕೂ ಬ್ಯಾಟರಿ ವೋಲ್ಟೇಜ್ ಬರೆಯಲು ಒಂದು ಕಾಲಂ ಇದೆ. ಶರಾವತಿ ಸರ್, ಮುಂದಿನ ಸೆಮಿಸ್ಟರ್‌ನಲ್ಲಿ ಒಂದು ದಿನ ತಾವು ನಮ್ಮ ಕಾಲೇಜಿಗೆ ಬಂದು ಮಕ್ಕಳಿಗೆ ಆ ಡ್ಯಾಶ್‌ಪಾಟಿನ ಬಗ್ಗೆ ಹೇಳಬಹುದೇ? ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಶರಾವತಿ ದಂಡೆ · ಶನಿವಾರ, ರಾತ್ರಿ 7:15

ಬರುತ್ತೇನೆ. ಹಳೆಯ ಡ್ಯಾಶ್‌ಪಾಟಿನ ಸೂಜಿ ಕವಾಟವೊಂದು ಮನೆಯಲ್ಲಿ ಪೆಟ್ಟಿಗೆಯೊಳಗೆ ಇದೆ, ಅದನ್ನೂ ತರುತ್ತೇನೆ. ಆ ಹುಡುಗಿಯ ಪುಟವನ್ನು ನನಗೆ ತೋರಿಸಬೇಕು.